ಬಳ್ಳಾರಿ ಬಿಸಿಲಿಗೆ ಯಾವ ರಿಮ್ಯಾಪ್? ಪೆಡಲ್ ಬಾಕ್ಸ್, ಟ್ಯೂನಿಂಗ್ ಬಾಕ್ಸ್, ಸ್ಟೇಜ್ 1, ಕಸ್ಟಮ್ ಫೈಲ್: ಒಂದು ಹೋಲಿಕೆ

ಬಳ್ಳಾರಿ, ಹೊಸಪೇಟೆ, ಕೊಪ್ಪಳ, ರಾಯಚೂರು, ಯಾವ ಊರಿಗೆ ಹೋದರೂ ಈಗ ಟರ್ಬೊ ಪೆಟ್ರೋಲ್ ಕಾರುಗಳು ಕಣ್ಣಿಗೆ ಬೀಳುತ್ತವೆ. ಪೋಲೊ ಜಿಟಿ, ವರ್ಟಸ್, ಸ್ಲಾವಿಯಾ, ಐ20 ಎನ್ ಲೈನ್, ಅಪರೂಪಕ್ಕೊಂದು ಆಕ್ಟೇವಿಯಾ ವಿಆರ್‌ಎಸ್. ಕೊಂಡು ಒಂದೆರಡು ವರ್ಷ ಕಳೆದ ಮೇಲೆ, ಕಾರಿನ ಎಳೆತ ಹೆಚ್ಚಿಸುವ ಆಸೆಯಿಂದ ಮಾಲೀಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಒಬ್ಬರು ಪೆಡಲ್ ಬಾಕ್ಸ್ ಸಾಕು ಅಂತಾರೆ, ಇನ್ನೊಬ್ಬರು ಟ್ಯೂನಿಂಗ್ ಬಾಕ್ಸ್ ಹಾಕಿಸು ಅಂತಾರೆ, ಬೆಂಗಳೂರಿನ ಗೆಳೆಯ ನೇರವಾಗಿ ಸ್ಟೇಜ್ 1 ಮಾಡಿಸು ಅಂತಾನೆ. ಯಾವುದು ಮಾಡಿಸಲಿ?"

ಇದಕ್ಕೆ ಸಿಗುವ ಸಲಹೆ ಬಹುಪಾಲು ಬೆಂಗಳೂರು, ಪುಣೆಯ ಹವೆಯಲ್ಲಿ ಓಡಿಸುವವರದ್ದು. ನಮ್ಮ ಕಡೆಯ ಬಿಸಿಲು, ಧೂಳು, ಬಂಕು, ರಸ್ತೆ ಎಲ್ಲವೂ ಬೇರೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಡೈನೊ, ಅಂದರೆ ಕಾರಿನ ಶಕ್ತಿ ಅಳೆಯುವ ಯಂತ್ರ, ಅದರ ಕಾಗದದ ಮೇಲಿನ ದೊಡ್ಡ ಅಂಕಿ ನೋಡಿ ರಿಮ್ಯಾಪ್ ಆರಿಸಬೇಡಿ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಎಸಿ ಹಾಕಿಕೊಂಡು, ತೋರಣಗಲ್ಲಿನ ಹತ್ತಿರ ಲಾರಿ ಸಾಲನ್ನು ದಾಟುವಾಗ ಕಾರು ಹೇಗೆ ನಡೆದುಕೊಳ್ಳುತ್ತದೆ ಅನ್ನೋದನ್ನು ನೋಡಿ ಆರಿಸಿ.

ಮೊದಲು ರಿಮ್ಯಾಪ್ ಏನು ಮಾಡುತ್ತದೆ ಅಂತ ಚುಟುಕಾಗಿ ನೋಡೋಣ. ಇಸಿಯು ಅಂದರೆ ಎಂಜಿನ್ನಿನ ಕಂಪ್ಯೂಟರು. ಎಷ್ಟು ಇಂಧನ ಹೋಗಬೇಕು, ಸ್ಪಾರ್ಕ್ ಯಾವ ಕ್ಷಣಕ್ಕೆ ಬೀಳಬೇಕು, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಎಷ್ಟು ಒತ್ತಡ ಕೊಡಬೇಕು, ಪೆಡಲ್ ಒತ್ತಿದಾಗ ಥ್ರಾಟಲ್ ಎಷ್ಟು ತೆರೆಯಬೇಕು, ಈ ಅಂಕಿಗಳ ಕೋಷ್ಟಕಗಳೆಲ್ಲ ಅದರೊಳಗಿವೆ. ಅವಕ್ಕೇ ಮ್ಯಾಪ್ ಅನ್ನುತ್ತಾರೆ. ಕಂಪನಿ ಆ ಅಂಕಿಗಳನ್ನು ಬರೆಯುವಾಗ ಕಳಪೆ ಪೆಟ್ರೋಲು, ವಿಪರೀತ ಬಿಸಿ, ಸರ್ವಿಸ್ ತಪ್ಪಿಸಿದ ಕಾರು ಎಲ್ಲವನ್ನೂ ಮನಸ್ಸಲ್ಲಿಟ್ಟುಕೊಂಡು ಒಂದಿಷ್ಟು ಜಾಗ ಉಳಿಸಿಡುತ್ತದೆ. ರಿಮ್ಯಾಪ್ ಮಾಡುವವರು, ಅಂದರೆ ಟ್ಯೂನರುಗಳು, ಆ ಅಂಕಿಗಳನ್ನು ತಿದ್ದಿ ಉಳಿಸಿಟ್ಟ ಜಾಗವನ್ನು ಬಳಸಿಕೊಳ್ಳುತ್ತಾರೆ. ತಿದ್ದಿದ ಮ್ಯಾಪಿಗೆ ಫೈಲು ಅನ್ನುತ್ತಾರೆ. ಟರ್ಬೊ ಎಂಜಿನ್ನಿನಲ್ಲಿ ಇದರಿಂದ ಶೇಕಡ 20ರಿಂದ 30ರಷ್ಟು ಶಕ್ತಿ ಹೆಚ್ಚಿಸಬಹುದು. ಟರ್ಬೊ ಇಲ್ಲದ ಎಂಜಿನ್ನಿಗೆ ಸಿಗುವುದು ತೀರಾ ಕಡಿಮೆ. ಅಂಥ ಕಾರಿಗೆ ಈ ದುಡ್ಡು ಹಾಕಬೇಡಿ. ಒಳ್ಳೆಯ ಟೈರು ಹಾಕಿಸಿ.

ಯಾವುದನ್ನು ನೋಡಿ ಆರಿಸಬೇಕು

ಬಿಸಿ ನನ್ನ ಪಟ್ಟಿಯಲ್ಲಿ ಮೊದಲನೆಯದು. ಬಳ್ಳಾರಿ, ರಾಯಚೂರಿನಲ್ಲಿ ಬೇಸಿಗೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. 25 ಡಿಗ್ರಿಯಲ್ಲಿ ಇದ್ದ ಗಾಳಿ 42 ಡಿಗ್ರಿಗೆ ಹೋದರೆ ಅದರ ಸಾಂದ್ರತೆ ಸುಮಾರು ಶೇಕಡ 5 ಇಳಿಯುತ್ತದೆ. ಅಷ್ಟೇ ಶಕ್ತಿ ಬೇಕು ಅಂದರೆ ಟರ್ಬೊ ಇನ್ನೂ ಜೋರಾಗಿ ತಿರುಗಬೇಕು. ಜೋರಾಗಿ ತಿರುಗಿದರೆ ಗಾಳಿ ಮತ್ತಷ್ಟು ಕಾಯುತ್ತದೆ. ಕಾದ ಗಾಳಿ ಸಿಲಿಂಡರಿಗೆ ಹೋದರೆ ನಾಕಿಂಗ್ ಶುರುವಾಗುತ್ತದೆ, ಅಂದರೆ ಸ್ಪಾರ್ಕ್ ಹೊತ್ತಿಸಿದ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಳ್ಳುತ್ತದೆ. ನಾಕ್ ಸೆನ್ಸರ್ ಅದನ್ನು ಕೇಳಿಸಿಕೊಂಡ ತಕ್ಷಣ ಇಸಿಯು ಸ್ಪಾರ್ಕನ್ನು ತಡವಾಗಿ ಕೊಡುತ್ತದೆ, ಶಕ್ತಿ ಇಳಿಯುತ್ತದೆ. ಹೀಗಾಗಿ ಬೆಂಗಳೂರಿನ ತಂಪಲ್ಲಿ ಭರ್ಜರಿಯಾಗಿ ಎಳೆಯುವ ಫೈಲು ನಮ್ಮ ಮಧ್ಯಾಹ್ನದಲ್ಲಿ ಕಂಪನಿ ಮ್ಯಾಪಿಗಿಂತ ಅಂಥ ದೊಡ್ಡ ವ್ಯತ್ಯಾಸ ತೋರಿಸದೇ ಇರಬಹುದು. ಎಂಜಿನ್ ಮೇಲೆ ಬೀಳುವ ಭಾರ ಮಾತ್ರ ಹಾಗೇ ಇರುತ್ತದೆ. ಇದನ್ನು ಟ್ಯೂನರ್ ಹತ್ತಿರ ಬಾಯಿ ಬಿಟ್ಟು ಕೇಳಲೇಬೇಕು: ಒಳಬರುವ ಗಾಳಿಯ ಬಿಸಿ ಏರಿದಂತೆ ನಿಮ್ಮ ಫೈಲು ಒತ್ತಡವನ್ನು ತಾನೇ ಇಳಿಸುತ್ತದಾ, ಇಲ್ಲವಾ?

ಎರಡನೆಯದು ಪೆಟ್ರೋಲು. ಹೊಗೆಯ ಮಿತಿ ಹೇಳುವ ಬಿಎಸ್6 ನಿಯಮ ಸಾದಾ ಪೆಟ್ರೋಲಿಗೆ ಇಟ್ಟಿದ್ದ ಕನಿಷ್ಠ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣದ ಅಳತೆ, 91. ಎಕ್ಸ್‌ಪಿ95, ಪವರ್95 ಥರದ್ದಕ್ಕೆ 95. ಊರೊಳಗೆ 95 ಹುಡುಕಿದರೆ ಸಿಗುತ್ತದೆ. ಸಿಂಧನೂರು, ಲಿಂಗಸುಗೂರು, ಕೂಡ್ಲಿಗಿ ಕಡೆ ಹೋಗುವ ದಾರಿಯಲ್ಲಿ ಪ್ರತಿ ಬಂಕಿನಲ್ಲೂ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. 95ಕ್ಕೇ ಬರೆದ ಬಿಗಿ ಫೈಲು ಹಾಕಿಸಿಕೊಂಡು ತಿಂಗಳಿಗೆ ನಾಲ್ಕು ಸಲ ಸಾದಾ ಪೆಟ್ರೋಲು ಹಾಕಿಸುವ ಪರಿಸ್ಥಿತಿ ಇದ್ದರೆ, ಆ ಫೈಲು ನಿಮಗಲ್ಲ. ಈಗ ಇ20, ಅಂದರೆ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲು ಕೂಡ ಲೆಕ್ಕಕ್ಕೆ ಬರಬೇಕು. ಎಥನಾಲ್ ನಾಕಿಂಗ್ ತಡೆಯಲು ಒಳ್ಳೆಯದೇ. ಆದರೆ ಲೀಟರಿಗೆ ಅದರ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅಷ್ಟೇ ಕೆಲಸಕ್ಕೆ ಇಂಜೆಕ್ಟರು ಜಾಸ್ತಿ ಇಂಧನ ಕೊಡಬೇಕು. ಇ20 ಬರುವ ಮೊದಲು ಬರೆದಿಟ್ಟ ಹಳೇ ಫೈಲನ್ನೇ ಕೊಡುತ್ತಿದ್ದರೆ ಬೇಡ ಅನ್ನಿ.

ಮೂರನೆಯದು ಗೇರ್‌ಬಾಕ್ಸು. ಎಂಜಿನ್ ಎಷ್ಟು ತಡೆಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ, ಗೇರ್‌ಬಾಕ್ಸು ಎಷ್ಟು ತಡೆಯುತ್ತದೆ ಅಂತ ಕೇಳುವವರು ಕಡಿಮೆ. ಫೋಕ್ಸ್‌ವ್ಯಾಗನ್, ಸ್ಕೋಡಾದ ಏಳು ಗೇರಿನ ಒಣ ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸು ಡಿಎಸ್‌ಜಿ, ಅಂದರೆ ಡಿಕ್ಯೂ200, ಇದು ತಡೆಯುವ ಟಾರ್ಕಿನ (ತಿರುಗಿಸುವ ಬಲದ) ಮಿತಿ 250 ನ್ಯೂಟನ್ ಮೀಟರ್. ಹಳೆಯ ಪೋಲೊ ಜಿಟಿ ಟಿಎಸ್‌ಐನ 1.2 ಲೀಟರ್ ಎಂಜಿನ್ ಕಂಪನಿಯಿಂದ ಬರುವಾಗ ಶಕ್ತಿ 105 ಪಿಎಸ್, ಟಾರ್ಕ್ 175 ನ್ಯೂಟನ್ ಮೀಟರ್. ಅಲ್ಲಿ ಏರಿಸಲು ಜಾಗ ಇದೆ. ಆದರೆ ವರ್ಟಸ್, ಸ್ಲಾವಿಯಾದ 1.5 ಟಿಎಸ್‌ಐ ಕಂಪನಿಯಿಂದಲೇ 150 ಪಿಎಸ್, 250 ನ್ಯೂಟನ್ ಮೀಟರ್. ಅದೇ ಗೇರ್‌ಬಾಕ್ಸು, ಮಿತಿಯ ಅಂಚಿನಲ್ಲೇ ಇದೆ. ಈ ಕಾರಿನ ಟಾರ್ಕನ್ನು 320ರವರೆಗೆ ಒಯ್ಯುತ್ತೇವೆ ಅಂತ ಯಾರಾದರೂ ಹೇಳಿದರೆ, ಕ್ಲಚ್ ಪ್ಯಾಕಿನ ಬಿಲ್ಲು ಯಾರ ಕೈಗೆ ಬರುತ್ತದೆ ಅಂತ ಯೋಚಿಸಿ. ಅದೂ ನಮ್ಮ ಊರೊಳಗಿನ ನಿಂತು ಹೊರಡುವ ಟ್ರಾಫಿಕ್ಕಿನಲ್ಲಿ, ಈ ಬಿಸಿಯಲ್ಲಿ.

ಇನ್ನು ವಾರಂಟಿ, ಇನ್ಶೂರೆನ್ಸ್, ಕಾನೂನು. ವಾರಂಟಿ ಇರುವ ಕಾರಿನ ಇಸಿಯು ಮುಟ್ಟಿದರೆ ಎಂಜಿನ್, ಗೇರ್‌ಬಾಕ್ಸಿನ ವಾರಂಟಿ ಹೋಯಿತು ಅಂತಲೇ ಲೆಕ್ಕ ಹಾಕಿಕೊಳ್ಳಿ. ಹಳೇ ಫೈಲು ವಾಪಸ್ ಹಾಕಿದರೆ ಗೊತ್ತಾಗಲ್ಲ ಅನ್ನುವ ಮಾತು ಪೂರ್ತಿ ನಿಜವಲ್ಲ. ಎಷ್ಟು ಸಲ ಫ್ಲಾಶ್ ಆಗಿದೆ, ಅಂದರೆ ಒಳಗಿನ ಫೈಲು ಬದಲಾಗಿದೆ ಅನ್ನುವ ಲೆಕ್ಕ ಹಲವು ಇಸಿಯುಗಳಲ್ಲಿ ಉಳಿಯುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಮಾಡಿಸಿದರೆ ದೊಡ್ಡ ಕ್ಲೇಮಿನ ಹೊತ್ತಿಗೆ ಅದೇ ತಕರಾರು ಆಗಬಹುದು. ಇದನ್ನೆಲ್ಲ ತಿಳಿದು ತೀರ್ಮಾನಿಸಿ.

ಕೊನೆಯದು ದೂರ. ಡೈನೊ ಇಟ್ಟುಕೊಂಡು ಕೆಲಸ ಮಾಡುವ ಒಳ್ಳೆಯ ಟ್ಯೂನರುಗಳು ದೊಡ್ಡ ನಗರಗಳಲ್ಲೇ ಜಾಸ್ತಿ. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್, ರಾಯಚೂರಿಂದ ಹೈದರಾಬಾದು ಸುಮಾರು 200. ಫೈಲಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಅಷ್ಟು ದೂರ ಮತ್ತೆ ಹೋಗಬೇಕಾ, ಇಲ್ಲೇ ಕೂತು ಸರಿಮಾಡಿಸಿಕೊಳ್ಳಬಹುದಾ? ದುಡ್ಡು ಕೊಡುವ ಮೊದಲು ಇದು ತೀರ್ಮಾನ ಆಗಬೇಕು.

ಏನೂ ಮಾಡಿಸದೆ ಇರುವುದೂ ಒಂದು ಆಯ್ಕೆ

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಪಿಕಪ್ ಕಮ್ಮಿಯಾಗಿದೆ ಅನ್ನಿಸಿ ರಿಮ್ಯಾಪ್ ಕಡೆ ನೋಡುವ ಎಷ್ಟೋ ಕಾರುಗಳಿಗೆ ನಿಜವಾಗಿ ಬೇಕಿರುವುದು ಸರಿಯಾದ ಸರ್ವಿಸ್. ಸಂಡೂರು, ದೋಣಿಮಲೈ ಕಡೆ ಓಡುವ ಕಾರಿನ ಏರ್ ಫಿಲ್ಟರ್ ತೆಗೆದು ನೋಡಿ, ಅದಿರಿನ ಕೆಂಪು ಧೂಳು ತುಂಬಿರುತ್ತದೆ. ಅದೇ ಧೂಳು ಮುಂದೆ ಇಂಟರ್‌ಕೂಲರ್, ರೇಡಿಯೇಟರ್ ರೆಕ್ಕೆಗಳ ಸಂದಿಯಲ್ಲೂ ಕೂತಿರುತ್ತದೆ. ಗಾಳಿ ತಂಪು ಮಾಡುವ ಭಾಗವೇ ಕಟ್ಟಿಕೊಂಡರೆ ಯಾವ ಫೈಲು ಏನು ಮಾಡೀತು? ಕಡಿಮೆ ಒತ್ತಡದ ನೀರಿನಲ್ಲಿ ಅದನ್ನು ತೊಳೆಸಿ. ಸ್ಪಾರ್ಕ್ ಪ್ಲಗ್ ಬದಲಿಸಿ. ಟರ್ಬೊ ಪೈಪುಗಳಲ್ಲಿ ಲೀಕ್ ಇದೆಯಾ ನೋಡಿಸಿ. ಕಂಪನಿ ಹೇಳಿದ ಗ್ರೇಡಿನ ಎಣ್ಣೆಯನ್ನು ಹೇಳಿದ್ದಕ್ಕಿಂತ ಸ್ವಲ್ಪ ಬೇಗ ಬದಲಿಸಿ. ಕೆಲವೇ ಸಾವಿರದಲ್ಲಿ ಕಾರು ಎಷ್ಟೋ ಹಗುರಾಗುತ್ತದೆ. ಮುಂದೆ ರಿಮ್ಯಾಪ್ ಮಾಡಿಸಿದರೂ ಇವೆಲ್ಲ ಹೇಗೂ ಮೊದಲು ಆಗಬೇಕಾದ ಕೆಲಸಗಳೇ.

ಎಣ್ಣೆ ಹಾಕಿದ ಹತ್ತಿಯ ಪರ್ಫಾರ್ಮೆನ್ಸ್ ಫಿಲ್ಟರ್ ಬಗ್ಗೆಯೂ ಕೇಳುತ್ತಾರೆ. ನಮ್ಮ ಧೂಳಿಗೆ ಕಂಪನಿಯ ಪೇಪರ್ ಫಿಲ್ಟರೇ ಮೇಲು. ಪದೇ ಪದೇ ಬದಲಿಸಿ, ಸಾಕು.

ಪೆಡಲ್ ಬಾಕ್ಸ್

ಹತ್ತು ಹದಿನೈದು ಸಾವಿರದ ಆಸುಪಾಸಿನ ಸಣ್ಣ ಪೆಟ್ಟಿಗೆ. ಆಕ್ಸಿಲರೇಟರ್ ಪೆಡಲ್ಲಿನ ಕನೆಕ್ಟರಿಗೆ ಸೇರಿಸುತ್ತಾರೆ. ನೀವು ಶೇಕಡ 20 ಒತ್ತಿದರೆ ಅದು ಇಸಿಯುಗೆ 35 ಅಂತ ಹೇಳುತ್ತದೆ. ಎಂಜಿನ್ ಶಕ್ತಿ ಒಂದು ಪಿಎಸ್ ಕೂಡ ಏರುವುದಿಲ್ಲ. ಆದರೆ ಕಾರು ಚುರುಕಾದಂತೆ ಅನ್ನಿಸುತ್ತದೆ, ಮತ್ತು ಹಲವರಿಗೆ ಬೇಕಿರುವುದೂ ಅಷ್ಟೇ. ಊರೊಳಗೆ ಓಡಿಸುವಾಗ ಪೆಡಲ್ ಒತ್ತಿದ ಮೇಲೆ ಕಾರು ಯೋಚನೆ ಮಾಡಿ ಹೊರಡುತ್ತದೆ ಅನ್ನುವ ಬೇಸರ ನಿಮ್ಮದಾಗಿದ್ದರೆ ಇದನ್ನು ನೋಡಬಹುದು. ಇಸಿಯು ಮುಟ್ಟುವುದಿಲ್ಲ, ಬಿಚ್ಚಿ ಇನ್ನೊಂದು ಕಾರಿಗೆ ಹಾಕಬಹುದು, ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡಲು ಎಳೆತ ಸಾಲುತ್ತಿಲ್ಲ ಅನ್ನುವವರಿಗೆ ಇದರಿಂದ ಏನೂ ಸಿಗದು. ಅಲ್ಲಿ ನೀವು ಹೇಗೂ ಪೆಡಲನ್ನು ಪೂರ್ತಿ ಒತ್ತಿರುತ್ತೀರಿ, ಅಲ್ವಾ?

ಟ್ಯೂನಿಂಗ್ ಬಾಕ್ಸ್

ಇದು ಸೆನ್ಸರಿಗೂ ಇಸಿಯುಗೂ ನಡುವೆ ಕೂರುತ್ತದೆ. ಡೀಸೆಲ್ಲಿನಲ್ಲಿ ರೈಲ್ (ಇಂಜೆಕ್ಟರುಗಳಿಗೆ ಇಂಧನ ಕೊಡುವ ಕೊಳವೆ) ಒತ್ತಡ, ಟರ್ಬೊ ಒತ್ತಡ ಇದ್ದದ್ದಕ್ಕಿಂತ ಕಡಿಮೆ ಇದೆ ಅಂತ ಇಸಿಯುಗೆ ತೋರಿಸುತ್ತದೆ. ಅದನ್ನು ನಂಬಿ ಇಸಿಯು ಇನ್ನಷ್ಟು ಕೊಡುತ್ತದೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರ ಡೀಸೆಲ್‌ಟ್ರಾನಿಕ್ ಈ ಬಗೆಯದ್ದೇ. ಹಳೆಯ ಕಾಮನ್ ರೈಲ್ ಡೀಸೆಲ್ ಕಾರಿಗೆ ಇದು ಒಪ್ಪುವ ದಾರಿ. ಬಿಚ್ಚಿಡಬಹುದು, ಕಾರು ಮಾರುವಾಗ ತೆಗೆದುಕೊಳ್ಳಬಹುದು, ಅರ್ಧ ಗಂಟೆಯಲ್ಲಿ ಮೊದಲಿನಂತೆ ಮಾಡಬಹುದು.

ಟರ್ಬೊ ಪೆಟ್ರೋಲಿಗೆ ನಾನು ಇದನ್ನು ಹೇಳುವುದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಒತ್ತಡ ಏರಿದಾಗ ಸ್ಪಾರ್ಕಿನ ಸಮಯವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಇಂಥ ಸಾದಾ ಬಾಕ್ಸು ಅದನ್ನು ಮುಟ್ಟುವುದಿಲ್ಲ. ಮೇಲಾಗಿ ನಿಜವಾದ ಒತ್ತಡ ಎಷ್ಟು ಅಂತ ಇಸಿಯುಗೇ ಗೊತ್ತಿರುವುದಿಲ್ಲ. 42 ಡಿಗ್ರಿಯಲ್ಲಿ ಎಂಜಿನ್ನಿಗೆ ಕಾವಲಿರುವುದು ಆ ಇಸಿಯು ಒಂದೇ. ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ ಇದು.

ಸ್ಟೇಜ್ 1: ಸಿದ್ಧ ಫೈಲೋ, ಕಸ್ಟಮ್ಮೋ

ನಿಜವಾದ ರಿಮ್ಯಾಪ್ ಶುರುವಾಗುವುದು ಇಲ್ಲಿಂದ. ಯಾವ ಬಿಡಿಭಾಗವನ್ನೂ ಬದಲಿಸದೆ ಇಸಿಯು ಒಳಗಿನ ಅಂಕಿಗಳನ್ನಷ್ಟೇ ಬದಲಿಸುವುದು ಸ್ಟೇಜ್ 1. ಬಹಳ ಕಾರುಗಳಲ್ಲಿ ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿನಿಂದಲೇ (ಸರ್ವಿಸ್‌ನವರು ಸ್ಕ್ಯಾನರ್ ಚುಚ್ಚುವ ಜಾಗ) ಆಗುತ್ತದೆ. ಹೊಸ ಇಸಿಯುಗಳಲ್ಲಿ ಬೀಗ ಬಿಗಿಯಾಗಿದೆ, ಕೆಲವನ್ನು ಬಿಚ್ಚಿ ಟೇಬಲ್ ಮೇಲಿಟ್ಟು ಮಾಡಬೇಕು. ಕಾರಿಗೆ ತಕ್ಕಂತೆ 25 ಸಾವಿರದಿಂದ 50 ಸಾವಿರದ ಸುತ್ತ ಖರ್ಚು, ದೊಡ್ಡ ಕಾರಿಗೆ ಇನ್ನೂ ಜಾಸ್ತಿ.

ಸಿದ್ಧ ಫೈಲು ಅಂದರೆ ನಿಮ್ಮ ಮಾಡೆಲ್ಲಿಗೆ ಮೊದಲೇ ಬರೆದಿಟ್ಟದ್ದು. ಒಳ್ಳೆಯ ಹೆಸರಿರುವ ಟ್ಯೂನರ್ ಆದರೆ ಅದೇ ಫೈಲು ನೂರಾರು ಕಾರುಗಳಲ್ಲಿ ಓಡಿ ಪರೀಕ್ಷೆಯಾಗಿರುತ್ತದೆ, ಇದು ಅದರ ದೊಡ್ಡ ಬಲ. ಬೇಗ ಮುಗಿಯುತ್ತದೆ, ರೇಟೂ ಕಡಿಮೆ. ಕೊರತೆ ಏನಂದರೆ ಅದು ನಿಮ್ಮ ಕಾರಿನ ಆರೋಗ್ಯ ನೋಡಿ ಬರೆದದ್ದಲ್ಲ, ನಮ್ಮ ಬಿಸಿಲು ನೋಡಿಯೂ ಬರೆದದ್ದಲ್ಲ. ಹಾಗಾಗಿ ಸಿದ್ಧ ಫೈಲೇ ಹಾಕಿಸುವುದಾದರೆ ಅವರಲ್ಲಿರುವ ಮೆತ್ತಗಿನ ಫೈಲನ್ನು, ಸಾದಾ ಪೆಟ್ರೋಲಿಗೆ ಬರೆದದ್ದನ್ನು ಕೇಳಿ.

ಕಸ್ಟಮ್ ಫೈಲಿನ ದಾರಿ ಬೇರೆ. ಮೊದಲು ಕಂಪನಿ ಮ್ಯಾಪಿನಲ್ಲೇ ಕಾರು ಓಡಿಸಿ ಲಾಗ್, ಅಂದರೆ ಓಡುವಾಗಿನ ಅಂಕಿಗಳ ದಾಖಲೆ, ತೆಗೆಯುತ್ತಾರೆ. ಕೇಳಿದ ಟರ್ಬೊ ಒತ್ತಡ ಎಷ್ಟು, ಬಂದದ್ದೆಷ್ಟು, ಪ್ರತಿ ಸಿಲಿಂಡರಿನಲ್ಲಿ ಸ್ಪಾರ್ಕ್ ಎಷ್ಟು ತಡವಾಗುತ್ತಿದೆ, ಒಳಗಾಳಿಯ ಬಿಸಿ ಎಷ್ಟು, ಇವು ಅದರಲ್ಲಿ ಕಾಣುತ್ತವೆ. ಅದನ್ನು ನೋಡಿ ಮೊದಲ ಫೈಲು ಬರೆಯುತ್ತಾರೆ, ಓಡಿಸುತ್ತಾರೆ, ಮತ್ತೆ ತಿದ್ದುತ್ತಾರೆ. ಈಗ ಇದನ್ನು ದೂರದಿಂದಲೂ ಮಾಡುವವರಿದ್ದಾರೆ. ನೀವು ಲ್ಯಾಪ್‌ಟಾಪ್, ಕೇಬಲ್ ಇಟ್ಟುಕೊಂಡು ಇಲ್ಲೇ ಲಾಗ್ ತೆಗೆದು ಕಳಿಸಿದರೆ ಅವರು ಫೈಲು ತಿದ್ದಿ ಕಳಿಸುತ್ತಾರೆ. ನಮ್ಮ ಕಡೆಯವರಿಗೆ ನನ್ನ ಮೊದಲ ಆಯ್ಕೆ ಇದೇ. ಯಾಕೆಂದರೆ ಇಲ್ಲಿ ಕಾರು ನಮ್ಮ ಗಾಳಿಯಲ್ಲಿ, ನಮ್ಮ ಪೆಟ್ರೋಲಿನಲ್ಲಿ, ನಮ್ಮ ರಸ್ತೆಯಲ್ಲಿ ಟ್ಯೂನ್ ಆಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಾಡಿಸಿದರೆ ಇನ್ನೂ ಉತ್ತಮ. ಬೇಸಿಗೆಯಲ್ಲಿ ನಾಕಿಂಗ್ ಇಲ್ಲದೆ ಓಡುವ ಫೈಲು ಡಿಸೆಂಬರಿನಲ್ಲಿ ನಿಶ್ಚಿಂತೆಯಿಂದ ಓಡುತ್ತದೆ. ಡಿಸೆಂಬರಿನ ಫೈಲಿಗೆ ಮೇ ತಿಂಗಳ ಬಗ್ಗೆ ಅಂಥ ಭರವಸೆ ಕೊಡಲಾಗದು.

ಟಾರ್ಕ್ ಎಲ್ಲಿ ಬರಬೇಕು ಅನ್ನುವುದನ್ನೂ ಮಾತಾಡಿ. ಹಲವು ಫೈಲುಗಳು 1500 ಆರ್‌ಪಿಎಮ್‌ನಲ್ಲೇ ದಬ್ಬುವಂತೆ ಬರೆದಿರುತ್ತವೆ. ಓಡಿಸಿದ ಮೊದಲ ನಿಮಿಷ ಖುಷಿ ಕೊಡುವುದು ಅದೇ. ಆದರೆ ಸಣ್ಣ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಎಂಜಿನ್ನಿಗೆ ಕಡಿಮೆ ಆರ್‌ಪಿಎಮ್, ಹೆಚ್ಚು ಭಾರ ಅನ್ನುವುದು ತೀರಾ ಅಪಾಯದ ಜಾಗ. ಸ್ಪಾರ್ಕಿಗೂ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನಿಗೇ ಪೆಟ್ಟು ಬೀಳಬಹುದು. ಲಾರಿ ಹಿಂದೆ ಆರನೇ ಗೇರಿನಲ್ಲಿ ತೆವಳುತ್ತಾ ಬಂದು, ಗೇರ್ ಇಳಿಸದೆ ಪೆಡಲ್ ಪೂರ್ತಿ ಒತ್ತುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. 2500ರಿಂದ 4500ರ ನಡುವೆ ಎಳೆತ ತುಂಬಿ, ಕೆಳಗೆ ಕಂಪನಿ ಕೊಟ್ಟದ್ದರ ಹತ್ತಿರವೇ ಇರಲಿ ಅಂತ ಹೇಳಿ. ಓವರ್‌ಟೇಕಿಗೆ ಬೇಕಾದ್ದು ಅಲ್ಲೇ ಇದೆ. ಕ್ಲಚ್ಚೂ ಬಾಳುತ್ತದೆ.

ಲೋಕಲ್ಲಾಗಿ ಎಂಟು ಹತ್ತು ಸಾವಿರಕ್ಕೆ ರಿಮ್ಯಾಪ್ ಮಾಡಿಕೊಡುತ್ತೇನೆ ಅನ್ನುವವರೂ ಸಿಗುತ್ತಾರೆ. ನಕಲಿ ಟೂಲು, ಎಲ್ಲಿಂದಲೋ ಬಂದ ಫೈಲು. ಫ್ಲಾಶ್ ಆಗುವಾಗ ಬ್ಯಾಟರಿ ವೋಲ್ಟೇಜು ಇಳಿದರೆ ಇಸಿಯು ಅರ್ಧದಲ್ಲೇ ಸತ್ತುಹೋಗಬಹುದು. ಅದಕ್ಕೇ ಸರಿಯಾದ ಕಡೆ ಪವರ್ ಸಪ್ಲೈ ಹಾಕಿಕೊಂಡೇ ಕೆಲಸ ಶುರು ಮಾಡುತ್ತಾರೆ. ಉಳಿಸಿದ ಇಪ್ಪತ್ತು ಸಾವಿರಕ್ಕಿಂತ ಹೊಸ ಇಸಿಯು ದುಬಾರಿ.

ಸ್ಟೇಜ್ 2

ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಕೊಳವೆ), ದೊಡ್ಡ ಇಂಟರ್‌ಕೂಲರ್, ಇನ್‌ಟೇಕ್ (ಗಾಳಿ ಒಳಬರುವ ಭಾಗ) ಬದಲಿಸಿ ಅದಕ್ಕೆ ತಕ್ಕ ಫೈಲು ಬರೆಯುವುದು. ಬಿಡಿಭಾಗ ಸೇರಿ ಖರ್ಚು ಸಲೀಸಾಗಿ ಲಕ್ಷ ದಾಟುತ್ತದೆ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿದ ಡೌನ್‌ಪೈಪ್ ಕಾನೂನಿಗೆ ವಿರುದ್ಧ, ಎಮಿಷನ್ ಟೆಸ್ಟಿನಲ್ಲಿಯೂ ತೊಂದರೆ. ಡೀಸೆಲ್ಲಿನಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತೆಗೆಸುವುದೂ ಅದೇ ಸಾಲಿಗೆ ಸೇರಿದ್ದು. ಲಾರಿ ಧೂಳು, ಹೊಗೆಯಲ್ಲಿ ಈಗಾಗಲೇ ಕೆಮ್ಮುತ್ತಿರುವ ಊರುಗಳು ನಮ್ಮವು. ನಮ್ಮ ಖುಷಿಗೆ ಅದನ್ನು ಇನ್ನೂ ಹೆಚ್ಚಿಸುವುದು ಬೇಡ. ಸೈಲೆನ್ಸರಿನಲ್ಲಿ ಪಟಾಕಿ ಹೊಡೆಸುವ ಮ್ಯಾಪ್ ಕೂಡ ಬೇಡ. ಉರಿಯದ ಪೆಟ್ರೋಲು ಹೋಗಿ ಕನ್ವರ್ಟರ್ ಸುಡುತ್ತದೆ, ರಾತ್ರಿ ಹೊತ್ತು ಬೀದಿಯವರ ನಿದ್ದೆ ಕೆಡುತ್ತದೆ.

ಈ ಪಟ್ಟಿಯಲ್ಲಿ ಒಂದಕ್ಕೆ ಮಾತ್ರ ನಾನು ಪೂರ್ತಿ ಮನಸ್ಸಿನಿಂದ ಹೂಂ ಅನ್ನುತ್ತೇನೆ. ಅದು ಇಂಟರ್‌ಕೂಲರ್. ಸ್ಟೇಜ್ 1ರಲ್ಲೇ ನಿಂತರೂ, ಕೈಯಲ್ಲಿ ಇನ್ನೊಂದಿಷ್ಟು ದುಡ್ಡಿದ್ದರೆ ಮೊದಲು ಅದನ್ನು ಹಾಕಿಸಿ. ತಂಪಿನ ಊರಿನವರಿಗಿಂತ ನಮಗೆ ಅದರಿಂದ ಸಿಗುವ ಲಾಭ ಜಾಸ್ತಿ.

ಹಾಗಾದರೆ ಯಾರಿಗೆ ಯಾವುದು

ವಾರಂಟಿಯಲ್ಲಿರುವ ವರ್ಟಸ್ ಅಥವಾ ಸ್ಲಾವಿಯಾ 1.5 ಡಿಎಸ್‌ಜಿ ಇಟ್ಟುಕೊಂಡವರು ಹಾಗೇ ಬಿಡಿ. 150 ಪಿಎಸ್ ಇದೆ, ಗೇರ್‌ಬಾಕ್ಸಿನಲ್ಲಿ ಜಾಗ ಇಲ್ಲ. ಪೆಡಲ್ ಚುರುಕು ಬೇಕಿದ್ದರೆ ಗೇರಿನ ಎಸ್ (ಸ್ಪೋರ್ಟ್) ಮೋಡಿನಲ್ಲಿ ಓಡಿಸಿ ನೋಡಿ, ಅದಕ್ಕೆ ಖರ್ಚೇ ಇಲ್ಲ. ಇದೇ ಎಂಜಿನ್ ಮ್ಯಾನ್ಯುವಲ್ ಗೇರಿನಲ್ಲಿದ್ದು, ವಾರಂಟಿ ಮುಗಿದಿದ್ದರೆ ಮೆತ್ತಗಿನ ಕಸ್ಟಮ್ ಸ್ಟೇಜ್ 1 ಯೋಚಿಸಬಹುದು.

ವಾರಂಟಿ ಮುಗಿದ ಪೋಲೊ ಜಿಟಿ ಟಿಎಸ್‌ಐ ಅಂದರೆ ರಿಮ್ಯಾಪಿಗೆ ಹೇಳಿ ಮಾಡಿಸಿದ ಕಾರು. ಮೊದಲು ಡಿಎಸ್‌ಜಿ ಕ್ಲಚ್, ಗೇರ್ ಬದಲಿಸುವ ಮೆಕಾಟ್ರಾನಿಕ್ಸ್ ಘಟಕ ಚೆನ್ನಾಗಿದೆಯಾ ನೋಡಿಸಿ. ಟಾರ್ಕನ್ನು 230ರ ಕೆಳಗೇ ಇಡಿಸಿ. ಕೊಪ್ಪಳದಿಂದ ಹುಬ್ಬಳ್ಳಿಗೆ, ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ವಾರವಾರ ಹೋಗುವವರಿಗೆ ಇದು ಕೊಡುವ ನೆಮ್ಮದಿ ದೊಡ್ಡದು.

ಐ20 ಎನ್ ಲೈನ್ 120 ಪಿಎಸ್, 172 ನ್ಯೂಟನ್ ಮೀಟರ್ ಇಟ್ಟುಕೊಂಡು ಊರೊಳಗೇ ಜಾಸ್ತಿ ಓಡಿಸುವ ಕಾಲೇಜು ಹುಡುಗರಿಗೆ ಪೆಡಲ್ ಬಾಕ್ಸ್ ಸಾಕು. ಉಳಿದ ದುಡ್ಡನ್ನು ಒಳ್ಳೆಯ ಟೈರು, ಬ್ರೇಕ್ ಪ್ಯಾಡಿಗೆ ಹಾಕಿ.

ಹಳೆಯ ಡೀಸೆಲ್ ಇಟ್ಟುಕೊಂಡು ಸಿಂಧನೂರು, ಗಂಗಾವತಿ ನಡುವೆ ಭತ್ತದ ವ್ಯಾಪಾರಕ್ಕೆ ಓಡಾಡುವವರಿಗೆ ಟ್ಯೂನಿಂಗ್ ಬಾಕ್ಸ್, ಅದೂ ಕಡಿಮೆ ಸೆಟ್ಟಿಂಗಿನಲ್ಲಿ. ಕಪ್ಪು ಹೊಗೆ ಬಂದರೆ ಸೆಟ್ಟಿಂಗ್ ಜಾಸ್ತಿಯಾಗಿದೆ ಅಂತ ಅರ್ಥ, ಇನ್ನೊಂದು ಹಂತ ಇಳಿಸಿ. ಡಿಪಿಎಫ್ ಇರುವ ಬಿಎಸ್6 ಡೀಸೆಲ್ಲಿಗೆ ಇದನ್ನು ಹಾಕಬೇಡಿ, ಹೊಗೆಯ ಮಸಿ ಹೆಚ್ಚಿ ಫಿಲ್ಟರ್ ಬೇಗ ತುಂಬುತ್ತದೆ.

ಆಕ್ಟೇವಿಯಾ ವಿಆರ್‌ಎಸ್ ಇರುವವರ ಮಾತು ಬೇರೆ. 2017ರ ಕಾರಿಗೆ ಕಂಪನಿಯಿಂದಲೇ 230 ಪಿಎಸ್, 350 ನ್ಯೂಟನ್ ಮೀಟರ್. ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುವ ಬಗೆಯದ್ದು, ಬಿಸಿ ತಡೆಯುವುದರಲ್ಲಿ ಗಟ್ಟಿ. ಇಲ್ಲಿ ಎಂಜಿನ್ ಫೈಲಿನ ಜೊತೆ ಗೇರ್‌ಬಾಕ್ಸಿನ ಫೈಲನ್ನೂ ಒಟ್ಟಿಗೆ ಮಾಡಿಸಬೇಕು, ಇಂಟರ್‌ಕೂಲರ್ ಹಾಕಿಸಬೇಕು, 95 ಪೆಟ್ರೋಲು ಬಿಟ್ಟು ಬೇರೆ ಹಾಕಬಾರದು. ಇಷ್ಟು ಮಾಡಲು ಆಗದಿದ್ದರೆ ಕಂಪನಿ ಮ್ಯಾಪಿನಲ್ಲೇ ಆ ಕಾರು ಸೊಗಸಾಗಿ ಓಡುತ್ತದೆ.

ಮಾಡಿಸುವುದು ಅಂತ ತೀರ್ಮಾನವಾದ ದಿನ ಟ್ಯೂನರ್ ಕೈಯಿಂದ ಮೂರು ವಸ್ತು ಪಡೆಯಿರಿ: ನಿಮ್ಮ ಕಾರಿನ ಮೂಲ ಫೈಲಿನ ಪ್ರತಿ, ಒಂದೇ ದಿನ ತೆಗೆದ ಮೊದಲಿನ ಮತ್ತು ನಂತರದ ಡೈನೊ ಅಥವಾ ರೋಡ್ ಲಾಗ್, ಮತ್ತು ಬೇಸಿಗೆಯಲ್ಲಿ ಒಮ್ಮೆ ಲಾಗ್ ನೋಡಿ ದುಡ್ಡಿಲ್ಲದೆ ತಿದ್ದಿಕೊಡುವ ಮಾತು, ಬರವಣಿಗೆಯಲ್ಲಿ. ಶೋರೂಮಿಗೆ ಸರ್ವಿಸ್‌ಗೆ ಬಿಟ್ಟಾಗ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಡಿ ಅಂತ ಜಾಬ್ ಕಾರ್ಡಿನಲ್ಲೇ ಬರೆಸಿ. ಅವರು ಅಪ್‌ಡೇಟ್ ಹಾಕಿದರೆ ನಿಮ್ಮ ಫೈಲು ಅಳಿಸಿಹೋಗುತ್ತದೆ.